ಯಾರು ಕೇಳಿದರೂ

ಡಾಕ್ಟ್ರು ತೀರಿಕೊಂಡ ಮೇಲೆ ಕೊಪ್ಪದಲ್ಲಿ ಒಂದು ಶ್ರದ್ಧಾಂಜಲಿ ಸಭೆ ಮಾಡಿದರು. ಮಾತನಾಡಿದವರಲ್ಲೊಬ್ಬರು ಕಣ್ಣೊರೆಸಿಕೊಂಡು, ಅವರು ಜೀವಮಾನದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ಬಂದು ಬಾಯಿಗೆ ಸೆರಗು ಒತ್ತಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನಾನು ಅಳುತ್ತಿದ್ದೇನೆ ಅಂದುಕೊಂಡು ಬೆನ್ನು ಸವರಿದಳು. ಡಾಕ್ಟ್ರು ದಿನ ಬೆಳಗಾದರೆ ಸುಳ್ಳು ಹೇಳುತ್ತಿದ್ದರು. ಒಂದೇ ಸುಳ್ಳನ್ನು ಎಷ್ಟೋ ಜನರ ಬಾಯಿಗೆ ಹಾಕಿ ಕಳಿಸುತ್ತಿದ್ದರು. ಅದನ್ನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡವಳು ನಾನು.

ಅವರದು ಬಸ್ ಸ್ಟ್ಯಾಂಡಿನ ಹಿಂದುಗಡೆ ಸಣ್ಣ ನರ್ಸಿಂಗ್ ಹೋಂ. ಅಲ್ಲಿ ನಾನು ಸಿಸ್ಟರ್. ಜಯಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಬಾಯಿಗೆ ಹೆದರಿ ಬಿಟ್ಟುಹೋಗುವ ಅಂದುಕೊಂಡಿದ್ದೆ. ರೋಗಿಗಳನ್ನು ಬೈಯುವುದರಲ್ಲಿ ಅವರಿಗೆ ದೊಡ್ಡವರು, ಚಿಕ್ಕವರು, ದುಡ್ಡಿದ್ದವರು, ಇಲ್ಲದವರು ಎಂಬ ಭೇದ ಇರಲಿಲ್ಲ. ಆಮೇಲೆ ಗೊತ್ತಾಯಿತು, ಅವರು ಮೆತ್ತಗೆ ಮಾತಾಡಲು ಶುರು ಮಾಡಿದರೆ ಆ ರೋಗಿಯ ಗತಿ ಚೆನ್ನಾಗಿಲ್ಲ ಎಂದು ಅರ್ಥ. ಬೈಸಿಕೊಂಡವರು ನಗುತ್ತಾ ಮನೆಗೆ ಹೋಗುತ್ತಿದ್ದರು.

ಎಚ್‌ಐವಿ ಇರುವವರಿಗೆ ಮಾತ್ರೆ ಪುಕ್ಕಟೆ ಸಿಗುವುದು ಸರ್ಕಾರದ ಕೇಂದ್ರಗಳಲ್ಲಿ. ನಮ್ಮ ಕಡೆಯವರು ಹತ್ತಿರದ ಕೇಂದ್ರಕ್ಕೆ ಹೋಗುವುದಿಲ್ಲ. ಅಲ್ಲಿ ಯಾರಾದರೂ ನೆಂಟರು ಕಾಣುತ್ತಾರೆ. ಕೊಪ್ಪದವರು ಶಿವಮೊಗ್ಗದ ಬಸ್ಸು ಹತ್ತಿದರೆ, ಶಿವಮೊಗ್ಗಕ್ಕೆ ಹತ್ತಿರ ಇರುವ ಎನ್.ಆರ್. ಪುರದವರು ಸುತ್ತುಹಾಕಿ ಚಿಕ್ಕಮಗಳೂರಿಗೆ ಹೋಗುತ್ತಿದ್ದರು. ಮಾತ್ರೆ ಅಲ್ಲಿಂದ ತಂದರೂ ಜ್ವರ, ಭೇದಿ, ಮೈಮೇಲಿನ ಗುಳ್ಳೆ ಏನಾದರೂ ಆದಾಗ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರು ತಾಲ್ಲೂಕಿನವರೂ ಬರುತ್ತಿದ್ದುದು ಡಾಕ್ಟ್ರ ಹತ್ತಿರ. ಅವರ ಹತ್ತಿರ ಎಲ್ಲ ಕಾಯಿಲೆಯವರೂ ಬರುತ್ತಿದ್ದುದರಿಂದ ಯಾರು ಯಾಕೆ ಬಂದರು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವರು ಮೊದಲು ನೋಡುತ್ತಿದ್ದುದು ಬಾಯಿ. ನಾಡಿ, ಎದೆ, ಹೊಟ್ಟೆ ಎಲ್ಲ ಆಮೇಲೆ. ಈ ಕಾಯಿಲೆ ಮೊದಲು ಮುಖ ತೋರಿಸುವುದೇ ನಾಲಿಗೆ ಮೇಲೆ, ಬಿಳಿ ಅಗ್ರ ಕಟ್ಟಿಕೊಂಡು, ಎನ್ನುತ್ತಿದ್ದರು. ನಮ್ಮೂರಿನ ಬಾಯಿಗಳೋ ಎಲೆಅಡಿಕೆಯಲ್ಲಿ ಕೆಂಪಾಗಿ ಕೂತಿರುತ್ತಿದ್ದವು. ಬಾಗಿಲ ಹೊರಗಿನ ನಲ್ಲಿ ತೋರಿಸಿ, "ಹೋಗು ಮಾರಾಯ, ಬಾಯಿ ತೊಳ್ಕೊಂಡು ಬಾ. ಅಡಿಕೆ ಮಂಡಿ ನೋಡ್ಲಿಕ್ಕೆ ನಾನು ಇಲ್ಲಿ ಕೂತಿದ್ದಲ್ಲ" ಎನ್ನುತ್ತಿದ್ದರು. ರೋಗಿ ತೊಳೆದು ಬರುವವರೆಗೆ ಬೇರೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಎದುರು ನಿಂತು ಮಾತನಾಡುವವರ ಕಣ್ಣು ನೋಡದೆ ಬಾಯಿಯನ್ನೇ ನೋಡುತ್ತಿದ್ದರು. ಅವರಿಗೆ ಕಿವಿ ಮಂದ ಎಂದು ತಿಳಿದವರೂ ಇದ್ದರು.

ಅವರ ಎರಡನೆಯ ಪರೀಕ್ಷೆ ಸರ್ಪಸುತ್ತಿನದು. ಬೆನ್ನಿಂದ ಎದೆಗೆ ಸುತ್ತಿ ಬರುವ ಆ ಉರಿಗುಳ್ಳೆಗೆ ನಮ್ಮಲ್ಲಿ ಕೆಮ್ಮಣ್ಣು ಹಚ್ಚುತ್ತಾರೆ, ನಾಗನಿಗೆ ಹರಕೆ ಹೇಳಿಕೊಳ್ಳುತ್ತಾರೆ. ಡಾಕ್ಟ್ರು ಹರಕೆಗೆ ಅಡ್ಡ ಬರುತ್ತಿರಲಿಲ್ಲ. "ಇದು ಮೊದಲ್ನೇ ಸಲವಾ? ಹಂಗಾದ್ರೆ ಹಾವಿನ ಲೆಕ್ಕಕ್ಕೆ ಬಿಡು. ಹಿಂದೆ ಒಂದ್ಸಲ ಆಗಿತ್ತಾ? ಹಂಗಾದ್ರೆ ಕೈ ಚಾಚು, ರಕ್ತ ಕೊಟ್ಟು ಹೋಗು." ಸಣ್ಣ ಪ್ರಾಯದವರಲ್ಲಿ ಅದು ಎರಡನೆಯ ಸಲ ಬಂದರೆ ಅವರು ಸುಮ್ಮನೆ ಕೂರುವವರಲ್ಲ. ಹಾಗೆ ಹಿಡಿದ ಎಷ್ಟೋ ಜನ ಇವತ್ತು ಮಾತ್ರೆ ನುಂಗುತ್ತಾ, ಗದ್ದೆ ತೋಟದಲ್ಲಿ ದುಡಿಯುತ್ತಾ ಇದ್ದಾರೆ.

ಕಾಯುವ ಕೋಣೆಯಲ್ಲಿ ಈ ರೋಗಿಗಳ ಹೆಸರು ಕೂಗಬಾರದೆಂದು ಎಲ್ಲರಿಗೂ ಒಂದೊಂದು ಅಡ್ಡಹೆಸರು ಇಟ್ಟಿದ್ದರು. ಶೃಂಗೇರಿಯ ಒಬ್ಬ ಸದಾ ಸ್ವೆಟರ್ ಹಾಕಿರುತ್ತಿದ್ದ, ಅವನ ಹೆಸರೇ ಸ್ವೆಟರ್. ಕಡಹಿನಬೈಲು ಕಡೆಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸು ಬಂದರೆ ಕೋಣೆಯೆಲ್ಲ ಸಾರಿನ ಪರಿಮಳ ಬರುತ್ತಿತ್ತು. ಅವಳಿಗೆ ಸಾರಮ್ಮ ಎಂದು ಹೆಸರಿಟ್ಟರು. ಎನ್.ಆರ್. ಪುರದ ಕಡೆಯ ಕ್ರಿಶ್ಚಿಯನ್ನರಲ್ಲಿ ಆ ಹೆಸರು ಇದ್ದದ್ದೇ. ಹಾಗಾಗಿ ನಾನು ಕೂಗಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಬ್ಬರು ಮಾತ್ರ ಅವಳ ಹಣೆಯ ವಿಭೂತಿ ನೋಡಿ, ಇದೆಂತ ಸಾರಮ್ಮ ಎಂದು ನನ್ನನ್ನು ಕೇಳಿದ್ದರು.

ಇನ್ನು ಆ ಸುಳ್ಳಿನ ಮಾತು. ಈ ಕಾಯಿಲೆಯವರು ಸೊರಗುತ್ತಾರೆ, ಜ್ವರ ಬಂದು ಹೋಗುತ್ತದೆ, ಕೂದಲು ಉದುರುತ್ತದೆ, ತಿಂಗಳು ತಿಂಗಳು ಆಸ್ಪತ್ರೆ ಬಸ್ಸು ಹತ್ತುತ್ತಾರೆ. ಊರು ಕೇಳದೆ ಬಿಡುತ್ತದೆಯೆ? ಅದಕ್ಕೆ ಉತ್ತರ ಬೇಕಲ್ಲ. ಡಾಕ್ಟ್ರು ಕಂಡುಕೊಂಡ ಉತ್ತರ ಮಂಗನ ಕಾಯಿಲೆ. ಕಾಡಿನಲ್ಲಿ ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಕಚ್ಚಿ ಬರುವ ಜ್ವರ ಅದು. ನಮ್ಮ ಮೂರು ತಾಲ್ಲೂಕಿಗೂ ಅದು ಹೊಸದಲ್ಲ. ಸೌದೆಗೆ, ಒಣಗಿದೆಲೆಯ ದರಗಿಗೆ ಎಂದು ಕಾಡಿಗೆ ಹೋಗದವರು ಯಾರಿದ್ದಾರೆ? ಅದು ಬಂದರೆ ತಿಂಗಳುಗಟ್ಟಲೆ ನಿಶ್ಶಕ್ತಿ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಎಂದೂ ಗೊತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅದು ಮರ್ಯಾದೆಯ ಕಾಯಿಲೆ. ಅದು ಬಂದವರ ಮನೆಗೆ ಅಕ್ಕಪಕ್ಕದವರು ಗಂಜಿ ತರುತ್ತಾರೆ, ಆರೋಗ್ಯ ಇಲಾಖೆಯವರು ಬರುತ್ತಾರೆ, ಯಾರೂ ಅವನ ನಡತೆಯ ವಿಚಾರ ಎತ್ತುವುದಿಲ್ಲ.

"ಯಾರು ಕೇಳಿದ್ರೂ ಮಂಗನ ಕಾಯಿಲೆ ಆಗಿತ್ತು, ನಿಶ್ಶಕ್ತಿ ಇನ್ನೂ ಹೋಗ್ಲಿಲ್ಲ ಅಂತ ಹೇಳು. ಗೊತ್ತಾಯ್ತಾ? ಯಾರು ಕೇಳಿದ್ರೂ" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಬಾಗಿಲ ತನಕ ಹೋದವರನ್ನು ವಾಪಸು ಕರೆದು, "ಎಂತ ಹೇಳ್ತಿ?" ಎಂದು ಬಾಯಿಪಾಠ ಒಪ್ಪಿಸಿಕೊಂಡು ಕಳಿಸುತ್ತಿದ್ದರು. ಅದನ್ನು ಕೇಳಿ ಹೊರಟವರ ಭುಜ ಸ್ವಲ್ಪ ಇಳಿಯುತ್ತಿದ್ದುದನ್ನು ನಾನು ನೋಡಿದ್ದೇನೆ. ಮಾತ್ರೆಗಿಂತ ಆ ಮಾತೇ ಅವರಿಗೆ ಹೆಚ್ಚು ಬೇಕಾಗಿತ್ತೇನೋ.

ಆ ಸುಳ್ಳಿಗೆ ಹಲ್ಲು ಇದೆ ಎಂಬುದು ಅವರಿಗೆ ಸ್ವೆಟರಿನ ಕಾಲು ನೋಡಿದಾಗಲೇ ತಿಳಿಯಬೇಕಿತ್ತು. ಅವನು ಹಳೆಯ ರೋಗಿ. ಮೊದಲಿನ ಮಾತ್ರೆ ಕೆಲಸ ಮಾಡದೆ ಇನ್ನೊಂದು ತರದ ಮಾತ್ರೆಗೆ ಬದಲಾಯಿಸಿದ್ದರು. ಒಂದು ಚಳಿಗಾಲ ಕಾಲು ಎಳೆಯುತ್ತಾ ಬಂದ. ಎರಡೂ ಪಾದ ತಣ್ಣಗೆ ಕೊರೆಯುತ್ತಿದ್ದವು, ಬೆರಳುಗಳು ನೀಲಿಗಟ್ಟಿದ್ದವು. ಮನೆಯಲ್ಲಿ ಚಳಿಗೆ ಹೀಗಾಗಿದೆ ಎಂದು ಬಿಸಿ ಎಣ್ಣೆ ತಿಕ್ಕಿದ್ದರು. ಡಾಕ್ಟ್ರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಸಿಗಲಿಲ್ಲ. ಮಂಡಿಯ ಹಿಂದೆಯೂ ಸಿಗಲಿಲ್ಲ. ಆಗ ದನಿ ಮೆತ್ತಗಾಯಿತು.

"ತಲೆನೋವಿಗೆ ಎಂತಾದ್ರೂ ತಗೊಂಡ್ಯಾ?"

"ಅರೆತಲೆ ನೋವು ಬಂದಿತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಂಡೆ."

"ಬೇರೆ ಮಾತ್ರೆ ತಿಂತಿದ್ದೀಯ ಅಂತ ಅಂಗಡಿಯವನಿಗೆ ಹೇಳ್ಲಿಲ್ವಾ?"

"ಅವ ಕೇಳಿದ. ಮಂಗನ ಕಾಯಿಲೆ ಆಗಿತ್ತು, ಶಕ್ತಿ ಮಾತ್ರೆ ಅಂತ ಹೇಳಿದೆ."

ಅರೆತಲೆ ನೋವಿನ ಆ ಮಾತ್ರೆಯೂ ಅವನ ಎರಡನೆಯ ತರದ ಮಾತ್ರೆಯೂ ಕೂಡಿದರೆ ರಕ್ತನಾಳಗಳು ಸೆಟೆದು ಮುಚ್ಚಿಕೊಳ್ಳುತ್ತವಂತೆ. ಓದಿದ್ದೆ, ಕಣ್ಣಲ್ಲಿ ನೋಡಿದ್ದು ಇದೇ ಮೊದಲು ಎಂದರು ಡಾಕ್ಟ್ರು. ಎರಡನ್ನೂ ನಿಲ್ಲಿಸಿ, ದೊಡ್ಡ ಆಸ್ಪತ್ರೆಗೆ ತಾವೇ ಕಾರಿನಲ್ಲಿ ಕರೆದುಕೊಂಡು ಹೋದರು. ಕಾಲು ಉಳಿಯಿತು. ಬೆರಳುಗಳು ಕಪ್ಪಾಗಿ ಕೆಲವನ್ನು ತೆಗೆಯಬೇಕಾಯಿತು. ಕಾಲು ಉಳಿಸಿದ ಸಂತೋಷದಲ್ಲಿ ಡಾಕ್ಟ್ರು ಆ ವಾರವೆಲ್ಲ ಎಲ್ಲರನ್ನೂ ಜೋರಾಗಿ ಬೈದರು. ಬೆರಳು ಹೋದದ್ದು ಯಾವುದರಿಂದ ಎಂದು ನಿಂತು ಯೋಚಿಸಲಿಲ್ಲ. ಅಂಗಡಿಯವನಿಗೆ ಸುಳ್ಳು ಹೇಳಿದ್ದು ಸ್ವೆಟರಿನ ದಡ್ಡತನ ಎಂದೇ ತಿಳಿದರು. ಜಾಣರು ತಮ್ಮ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಗುರುತು ಹಿಡಿಯುವುದಿಲ್ಲ.

ಸಾರಮ್ಮ ಅವರಿಗೆ ಮೆಚ್ಚಿನ ರೋಗಿ. ಅವಳ ಗಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುತ್ತಿದ್ದವನು, ಕೆಮ್ಮಿ ಕೆಮ್ಮಿ ಸತ್ತಿದ್ದ. ಕ್ಷಯ ಎಂದೇ ಎಲ್ಲರೂ ತಿಳಿದಿದ್ದರು. ಮಕ್ಕಳಿರಲಿಲ್ಲ. ಅಕ್ಕನ ಮನೆಯಲ್ಲಿದ್ದು ಶಾಲೆಯ ಅಡುಗೆ ಮಾಡಿಕೊಂಡಿದ್ದಳು. ನಮ್ಮಲ್ಲಿಗೆ ಬಂದಾಗ ಮೂಳೆ ಚಕ್ಕಳ, ನಾಲಿಗೆಯೆಲ್ಲ ಬಿಳಿ. ವಿಷಯ ತಿಳಿದಾಗ ಅವಳು ಸಾಯುವ ಮಾತು ಆಡಲಿಲ್ಲ. "ಶಾಲೆಯವರಿಗೆ ಗೊತ್ತಾದ್ರೆ ನಾನು ಮಾಡಿದ್ದನ್ನ ಮಕ್ಕಳಿಗೆ ಉಣ್ಣಕ್ಕೆ ಬಿಡಲ್ಲ ಡಾಕ್ಟ್ರೇ. ಅಕ್ಕನಿಗೂ ಗೊತ್ತಾಗಬಾರ್ದು" ಎಂದಳು.

"ಸೊಪ್ಪಿನ ಸಾರಿನಲ್ಲಿ ಈ ಕಾಯಿಲೆ ಹೋಗಲ್ಲ ಮಾರಾಯ್ತಿ, ಅವರಿಗೆ ಯಾರು ಹೇಳಬೇಕು. ಬಿಡು ಅತ್ಲಾಗೆ. ಯಾರು ಕೇಳಿದ್ರೂ ಎಂತ ಹೇಳ್ತಿ?"

"ಮಂಗನ ಕಾಯಿಲೆ."

"ಯಾರು ಕೇಳಿದ್ರೂ?"

"ಯಾರು ಕೇಳಿದ್ರೂ ಅದೇ."

ಮಾತ್ರೆ ಶುರುವಾಯಿತು. ಕೇಂದ್ರದಿಂದ ತಂದ ಮಾತ್ರೆಯನ್ನು ನಮ್ಮಲ್ಲಿಗೆ ತಂದು ವಿಟಮಿನ್ ಡಬ್ಬಿಗೆ ಸುರಿದುಕೊಂಡು ಹೋಗುತ್ತಿದ್ದಳು. ಸ್ವಲ್ಪ ದಿನದಲ್ಲೇ ಹಸಿವು ಬಂತು, ಮುಖ ತುಂಬಿಕೊಂಡಿತು. ಒಂದು ದಿನ ಹಲಸಿನ ಹಪ್ಪಳ ತಂದುಕೊಟ್ಟಳು. ಡಾಕ್ಟ್ರು ರೋಗಿಗಳ ಎದುರಿಗೇ ಅದನ್ನು ಹಸಿಯಾಗಿ ಮುರಿದು ತಿಂದರು.

ಆಗ ಬೇಸಿಗೆ ಶುರುವಾಗುವ ಹೊತ್ತು. ಎನ್.ಆರ್. ಪುರದ ಕಡೆ ಕಾಡಿನಲ್ಲಿ ಮಂಗಗಳು ಸತ್ತ ಸುದ್ದಿ ಬಂದಿತ್ತು. ಇಲಾಖೆಯವರು ಮನೆಮನೆಗೆ ಮೈಗೆ ಹಚ್ಚುವ ಎಣ್ಣೆ ಹಂಚುತ್ತಿದ್ದರು. ಡಾಕ್ಟ್ರು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ್ದರು, ನರ್ಸಿಂಗ್ ಹೋಂ ಮುಚ್ಚಿತ್ತು. ಅವರು ಕೋಲು ಹಿಡಿದು ವಾಪಸು ಬಂದು ಕೂತ ದಿನವೇ, ಬೆಳಗ್ಗೆ ಬಸ್ ಇಳಿಯುವಾಗ ಕಡಹಿನಬೈಲು ಕಡೆಯ ಹೆಂಗಸೊಬ್ಬಳು ಸಿಕ್ಕಿದಳು. ನಮ್ಮ ಶಾಲೆ ಅಡುಗೆಯವಳಿಗೆ ಮಂಗನ ಕಾಯಿಲೆ ತಿರುಗಿ ಜೋರಾಗಿದೆ, ಘಟ್ಟದ ಕೆಳಗಿನ ಆಸ್ಪತ್ರೆಗೆ ಹಾಕಿದ್ದಾರೆ, ಪಾಪ, ಎಂದಳು.

ನಾನು ಹೋಗಿ ಡಾಕ್ಟ್ರಿಗೆ ಹೇಳಿದೆ. ಅವರು ಮೊದಲು ನಕ್ಕರು.

"ನೋಡಿ ಸಿಸ್ಟರ್, ನಮ್ಮ ಸುಳ್ಳು ಊರೆಲ್ಲ ಸುತ್ತಿ ನಮ್ಮ ಬಾಗಿಲಿಗೇ ಬಂತು."

ನಗು ಅರ್ಧಕ್ಕೇ ನಿಂತುಹೋಯಿತು. ಆಮೇಲೆ ಮೆತ್ತಗೆ ಕೇಳಿದರು. "ಜೋರಾಗಿದೆ ಅಂದ್ರೆ ಎಂತ? ತಲೆನೋವಾ? ವಾಂತಿ ಇತ್ತಂತಾ?"

ಇತ್ತೆಂದು ಆ ಹೆಂಗಸೇ ಹೇಳಿದ್ದಳು. ತಲೆ ಒಡೆದುಹೋಗುವಂಥ ನೋವು, ವಾಂತಿ, ಒಂದಿದ್ದದ್ದು ಎರಡಾಗಿ ಕಾಣುವುದು. ಮಂಗನ ಕಾಯಿಲೆಯಲ್ಲೂ ಜ್ವರ ಬಿಟ್ಟು ಎರಡನೆಯ ಸಲ ಬರುವಾಗ ಹೀಗೇ ಆಗುವುದುಂಟು. ಅದಕ್ಕೆ ಔಷಧಿಯಿಲ್ಲ, ನೀರು ಕೊಟ್ಟು ಆರೈಕೆ ಮಾಡಿ ಕಾಯಬೇಕು. ಅಲ್ಲಿನವರು ಅದನ್ನೇ ಮಾಡುತ್ತಿದ್ದರು. ಆದರೆ ಎಚ್‌ಐವಿ ಇರುವವರಲ್ಲಿ ಇದೇ ಲಕ್ಷಣ ಇನ್ನೊಂದರಿಂದಲೂ ಬರುತ್ತದೆ. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಿಂದ ಉಸಿರಿನೊಳಗೆ ಸೇರುವ ಒಂದು ಜಾತಿಯ ಬೂಷ್ಟು ಮೆದುಳಿನ ಪೊರೆಗೆ ಹಿಡಿಯುತ್ತದೆ. ಅದಕ್ಕೆ ಔಷಧಿ ಇದೆ. ದಿನ ಕಳೆದ ಹಾಗೆ ತಲೆಯೊಳಗೆ ಒತ್ತಡ ಏರುತ್ತದೆ, ಬೆನ್ನುಹುರಿಯ ನೀರನ್ನು ಸೂಜಿಯಲ್ಲಿ ತೆಗೆದು ಆ ಒತ್ತಡ ಇಳಿಸಬೇಕು. ಕಾದರೆ ಕಣ್ಣಿನ ನರ ಸಾಯುತ್ತದೆ.

ಡಾಕ್ಟ್ರು ಫೋನು ಹಿಡಿದರು. ಅಲ್ಲಿನ ಡಾಕ್ಟರಿಗೆ ವಿಷಯ ಹೇಳಿ, ಬೆನ್ನಿನ ನೀರು ತೆಗೆದು ಶಾಯಿ ಹಾಕಿ ನೋಡಿ ಎಂದರು. ಆ ಕಡೆಯವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಡಾಕ್ಟ್ರು ಮಾತ್ರ, "ಅವಳು ಹೇಳ್ಲಿಲ್ಲ ಅಂತ ಬೈಬೇಡಿ, ಹೇಳಬೇಡ ಅಂದಿದ್ದು ನಾನು" ಎಂದು ಎರಡೆರಡು ಸಲ ಹೇಳಿದರು.

ಶಾಯಿಯ ಕಪ್ಪಿನಲ್ಲಿ ಬೂಷ್ಟು ಬೆಳ್ಳಗೆ ಉಂಗುರ ಉಂಗುರವಾಗಿ ಕಂಡಿತಂತೆ. ಔಷಧಿ ಶುರುವಾಯಿತು. ನಾನೂ ಅವರೂ ಕಾರು ಮಾಡಿಕೊಂಡು ಶೃಂಗೇರಿ ದಾಟಿ ಘಟ್ಟ ಇಳಿದೆವು. ದಾರಿಯುದ್ದಕ್ಕೂ ಅವರು ಒಂದೇ ಮಾತಾಡಿದ್ದು. "ಸಿಸ್ಟರ್, ಅವಳ ಮೈಯಲ್ಲಿ ಕಾವಲುಗಾರ ನಿದ್ದೆ ಹೋಗಿದ್ದ. ಕಳ್ಳ ಒಳಗೆ ಮೊದಲೇ ಅಡಗಿ ಕೂತಿದ್ದ. ನಾವು ಮಾತ್ರೆ ಕೊಟ್ಟು ಕಾವಲುಗಾರನ್ನ ಎಬ್ಬಿಸಿದ್ವಿ, ಅವ ಎದ್ದವನೇ ಮನೆಯೊಳಗೇ ಹೊಡೆದಾಟ ಶುರು ಮಾಡಿದ. ಇದು ಆಗ್ತದೆ. ಆಗೋದು ನಂಗೆ ಗೊತ್ತಿತ್ತು. ತಲೆನೋವು ಬಂದ್ರೆ ಕೂಡ್ಲೆ ಓಡಿ ಬಾ ಅಂತ ಅವಳಿಗೆ ಹೇಳಿದ್ದೆ." ಅವಳು ಓಡಿ ಬಂದಿದ್ದಳು. ನಮ್ಮ ಬಾಗಿಲಿಗೆ ಬೀಗ ಇತ್ತು.

ವಾರ್ಡಿನಲ್ಲಿ ಅವಳ ತಲೆಯ ಬಳಿ ಅಕ್ಕ ಕೂತಿದ್ದಳು. ನಮ್ಮನ್ನು ನೋಡಿ ಎದ್ದು, ಕಾಫಿ ತರುತ್ತೇನೆ ಎಂದು ಹೊರಗೆ ಹೋದಳು. ಸಾರಮ್ಮನ ಕಣ್ಣುಗಳು ತೆರೆದೇ ಇದ್ದವು. ಡಾಕ್ಟ್ರ ಕೋಲಿನ ಸದ್ದಿಗೆ ಮುಖ ತಿರುಗಿಸಿದಳು, ಆದರೆ ನಾವು ನಿಂತ ಕಡೆಗೆ ಅಲ್ಲ, ಸ್ವಲ್ಪ ಆಚೆಗೆ.

"ಯಾರು?"

"ನಾನೇ. ಬೈಯ್ಲಿಕ್ಕೆ ಬಂದೆ" ಎಂದರು ಡಾಕ್ಟ್ರು. ಆದರೆ ಬೈಯುವ ದನಿ ಬರಲಿಲ್ಲ.

"ಡಾಕ್ಟ್ರೇ, ಎಂತ ಕಾಣ್ತಿಲ್ಲ ನಂಗೆ. ದೀಪ ಹಾಕಿದಾರಾ?"

ಬಿಸಿಲು ಮಂಚದ ಮೇಲೆಯೇ ಬಿದ್ದಿತ್ತು. ಡಾಕ್ಟ್ರು ಬೆರಳು ಆಡಿಸಿ ನೋಡಿದರು, ಟಾರ್ಚು ಬಿಟ್ಟು ನೋಡಿದರು. ಮಂಚದ ಅಂಚಿಗೆ ಕೂತರು.

"ನೀನು ಬಂದ ದಿನವೇ ಇಲ್ಲಿಯ ಡಾಕ್ಟ್ರು ಕೇಳಿದ್ರಂತಲ್ಲ, ಬೇರೆ ಎಂತಾದ್ರೂ ಕಾಯಿಲೆ ಉಂಟಾ, ಮಾತ್ರೆ ತಿಂತೀಯಾ ಅಂತ."

"ಕೇಳಿದ್ರು. ಆಮೇಲೂ ಕೇಳಿದ್ರು. ಅಕ್ಕನೂ ಅಲ್ಲೇ ಇದ್ಲು."

"ಡಾಕ್ಟ್ರಿಗೂ ಅದೇ ಹೇಳಿದ್ಯಾ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೀವೇ ಹೇಳಿದ್ರಲ್ಲ" ಎಂದಳು. "ಯಾರು ಕೇಳಿದ್ರೂ ಅಂತ."

ಅಕ್ಕ ಕಾಫಿ ತಂದಾಗ ಡಾಕ್ಟ್ರು ತಗೊಂಡು ಕುಡಿದರು. ಅವರು ಕಾಫಿ ಕುಡಿಯುವವರಲ್ಲ.

ಜೀವ ಉಳಿಯಿತು, ಕಣ್ಣು ಬರಲಿಲ್ಲ. ಊರಿಗೆ ಬಂದ ಅವಳನ್ನು ನೋಡಲು ಜನ ಬಂದರು. ಶಾಲೆಯ ಮೇಷ್ಟ್ರು ಬಂದರು, ಮಕ್ಕಳ ತಾಯಂದಿರು ಅಕ್ಕಿ, ತೆಂಗಿನಕಾಯಿ ತಂದುಕೊಟ್ಟು ಮಂಗನ ಕಾಯಿಲೆಯನ್ನು ಶಪಿಸಿದರು. ಒಬ್ಬರೂ ದೂರ ಸರಿಯಲಿಲ್ಲ. ಸುಳ್ಳು ತನ್ನ ಕೆಲಸವನ್ನು ಒಂದಿಷ್ಟೂ ಬಿಡದೆ ಮಾಡಿತ್ತು. ಅವಳು ನಿಜ ಹೇಳಿದ್ದರೆ ಕಣ್ಣು ಉಳಿಯುತ್ತಿತ್ತು, ಈ ಅಕ್ಕಿ ಕಾಯಿ ಬರುತ್ತಿರಲಿಲ್ಲ. ಇದನ್ನು ಯೋಚಿಸಿದಾಗೆಲ್ಲ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು. ಡಾಕ್ಟ್ರ ಮೇಲೂ ಬಂದಿತ್ತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಡಾಕ್ಟ್ರು ಬಾಯಿಪಾಠ ಬದಲಾಯಿಸಿದರು. "ಊರಿಗೆ ಬೇಕಾದ್ದು ಹೇಳ್ಕೊ. ಡಾಕ್ಟ್ರಿಗೆ, ಸಿಸ್ಟರಿಗೆ, ಮೆಡಿಕಲ್ ಶಾಪಿನವನಿಗೆ ನಿಜ ಹೇಳು. ಎಂತ ಹೇಳ್ತಿ, ಹೇಳು ನೋಡುವ" ಎಂದು ಆ ಕಾಯಿಲೆಯ ಹೆಸರನ್ನೇ ರೋಗಿಯ ಬಾಯಲ್ಲಿ ಹೇಳಿಸುತ್ತಿದ್ದರು. ಬೇರೆ ಊರಿಗೆ ಹೋಗಿ ಸಾಯುವುದಕ್ಕಿಂತ ಇಲ್ಲಿ ನಾಚಿಕೆಯಾಗಲಿ ಎಂಬುದು ಅವರ ವಾದ. ಕೆಲವರು ಹೇಳಿದರು. ಕೆಲವರಿಗೆ ಆ ಹೆಸರು ಬಾಯಿಗೆ ಬರಲೇ ಇಲ್ಲ. ಎನ್.ಆರ್. ಪುರದ ಕಡೆಯ ಒಬ್ಬ ಹಾಗೆ ತಲೆ ತಗ್ಗಿಸಿ ಎದ್ದು ಹೋದವನು ಮತ್ತೆ ಬರಲಿಲ್ಲ, ಮಾತ್ರೆಯನ್ನೂ ಬಿಟ್ಟನಂತೆ. ಅವನು ಸತ್ತ ಸುದ್ದಿ ಬಂದ ದಿನ ಡಾಕ್ಟ್ರು, "ಹೇಳಬೇಡ ಅಂದ್ರೂ ಕೊಂದೆ, ಹೇಳು ಅಂದ್ರೂ ಕೊಂದೆ" ಎಂದು ಹೇಳಿ, ಮುಂದಿನ ರೋಗಿಯನ್ನು ಕರೆಯಿರಿ ಎಂದರು.

ಸಾರಮ್ಮನ ಮಾತ್ರೆಯನ್ನು ತಾವೇ ತರಿಸಿ ವಿಟಮಿನ್ ಡಬ್ಬಿಗೆ ತುಂಬಿ, ತಿಂಗಳಿಗೊಮ್ಮೆ ಅವಳ ಮನೆಗೆ ಹೋಗಿ ಕೊಟ್ಟು ಬರುತ್ತಿದ್ದರು. ನಾನೂ ಜೊತೆಗೆ ಹೋಗುತ್ತಿದ್ದೆ. ಜಗಲಿಯಲ್ಲಿ ಕೂರುತ್ತಿದ್ದರು. ಅವಳು ಬೀನ್ಸು ಮುರಿಯುತ್ತಲೋ ಅಕ್ಕಿ ಆರಿಸುತ್ತಲೋ ಇರುತ್ತಿದ್ದಳು. ಕಲ್ಲು ಬೆರಳಿಗೆ ಸಿಗುತ್ತಿತ್ತು. ಮಳೆ, ಶಾಲೆ, ಹೊಸ ಅಡುಗೆಯವಳ ಸಾರಿಗೆ ಉಪ್ಪು ಜಾಸ್ತಿ ಎಂಬ ಮಕ್ಕಳ ದೂರು, ಇಷ್ಟೇ ಮಾತು. ಆ ವಿಷಯ ಅವಳು ಎತ್ತಲಿಲ್ಲ.

"ಅವಳು ನಂಗೆ ಒಂದು ಸಲ ಬೈದಿದ್ರೆ ಸಾಕಿತ್ತು ಸಿಸ್ಟರ್" ಎಂದು ಕಾರಿನಲ್ಲಿ ಹೇಳುತ್ತಿದ್ದರು. ತಪ್ಪಾಯಿತು ಎಂದು ಅವಳ ಹತ್ತಿರ ಹೇಳಲೇಬೇಕು ಎಂಬುದು ಅವರ ತಲೆ ಹೊಕ್ಕಿತ್ತು. ಆದರೆ ಹೇಳುವುದು ಹೇಗೆ? ಕುರುಡಿಯನ್ನು ಅಕ್ಕ ಒಂದು ಗಳಿಗೆಯೂ ಒಂಟಿಯಾಗಿ ಬಿಡುತ್ತಿರಲಿಲ್ಲ. ಅಕ್ಕನ ಎದುರು ಕ್ಷಮೆ ಕೇಳಬೇಕಾದರೆ ಯಾವುದಕ್ಕೆ ಎಂದು ಹೇಳಬೇಕು. ಅದನ್ನು ಹೇಳಿದರೆ ಅವಳು ಕಣ್ಣು ಕೊಟ್ಟು ಕಾಪಾಡಿಕೊಂಡ ಗುಟ್ಟು ಹೋಗುತ್ತದೆ. ಅವರದೇ ಸುಳ್ಳು ಅವರ ಬಾಯಿ ಕಟ್ಟಿತ್ತು.

ಕೊನೆಗೆ ಒಂದು ಸಲ ನನಗೆ ಮೊದಲೇ ಹೇಳಿ ಇಟ್ಟಿದ್ದರು. ನಾನು ಅಕ್ಕನನ್ನು ಬಾವಿಯ ಹತ್ತಿರದ ಗುಲಾಬಿ ಗಿಡ ತೋರಿಸು, ಒಂದು ಕಡ್ಡಿ ಬೇಕು ಎಂದು ಎಬ್ಬಿಸಿಕೊಂಡು ಹೋದೆ. ಬೇಕೆಂದೇ ನಿಧಾನ ಮಾಡಿದೆ. ವಾಪಸು ಬಂದಾಗ ಇಬ್ಬರೂ ಹೋದಾಗ ಹೇಗಿದ್ದರೋ ಹಾಗೇ ಕೂತಿದ್ದರು.

"ಹೇಳಿದ್ರಾ?" ಎಂದು ಕಾರಿನಲ್ಲಿ ಕೇಳಿದೆ.

"ಬಾಯಿ ತೆಗೆದೆ. 'ಅಕ್ಕ ಇಲ್ಲೇ ಇದಾಳೆ ಡಾಕ್ಟ್ರೇ' ಅಂದ್ಲು. ಇಲ್ಲ ಮಾರಾಯ್ತಿ, ಬಾವಿ ಕಡೆ ಹೋಗಿದಾಳೆ ಅಂದೆ. ತಿರುಗಿ ಅದನ್ನೇ ಅಂದ್ಲು. ಕಣ್ಣಿಲ್ಲದವಳಿಗೆ ಗೊತ್ತಾಗ್ಲಿಲ್ಲವೋ ಏನೋ."

ಅವರು ಇನ್ನೊಂದು ಸಲ ಪ್ರಯತ್ನ ಮಾಡಲಿಲ್ಲ. ಈ ಮಳೆಗಾಲ ಮುಗಿಯುವಾಗ ಎದೆ ನೋವು ಬಂದು ಹೋಗಿಬಿಟ್ಟರು. ಅದಕ್ಕೆ ಹಿಂದಿನ ತಿಂಗಳೂ ಡಬ್ಬಿ ತುಂಬಿಕೊಂಡು ಹೋಗಿ ಬಂದಿದ್ದರು.

ಶ್ರದ್ಧಾಂಜಲಿ ಸಭೆ ಮುಗಿಸಿ ನಾನು ಡಾಕ್ಟ್ರ ಮನೆಗೆ ಹೋದೆ. ಹಜಾರದ ತುಂಬ ಜನ. ಅಲ್ಲಿ ಚಾಪೆಯ ತುದಿಯಲ್ಲಿ ಸಾರಮ್ಮ ಕೂತಿದ್ದಳು, ಅಕ್ಕ ಕೈಹಿಡಿದು ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದಳು. ಡಾಕ್ಟ್ರ ಹೆಂಡತಿಗೆ ಅವಳ ಗುರುತಿಲ್ಲ. ಗಂಡನ ರೋಗಿಗಳ ವಿಷಯ ಆ ಮನೆಯೊಳಗೆ ಒಂದು ದಿನವೂ ಬಂದಿರಲಿಲ್ಲ.

"ನಿಂಗೆ ಎಂತ ಆಗಿತ್ತಮ್ಮ?" ಎಂದು ಅವರು ಕೇಳಿದರು.

ಸಾರಮ್ಮ ಕತ್ತೆತ್ತಿದಳು. "ಮಂಗನ ಕಾಯಿಲೆ ಅಮ್ಮ. ಕಣ್ಣು ಅದ್ರಲ್ಲೇ ಹೋಯ್ತು. ಜೀವ ಉಳಿಸಿದ್ದು ಡಾಕ್ಟ್ರು. ಅವರದ್ದು ಎಂತ ತಪ್ಪಿಲ್ಲ."

ತಪ್ಪಿನ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಅಕ್ಕ ಹೌದೆಂದು ತಲೆಯಾಡಿಸಿದಳು. ಡಾಕ್ಟ್ರ ಹೆಂಡತಿ ಅವಳ ಕೈ ಹಿಡಿದುಕೊಂಡು ಅತ್ತರು.

ಹೊರಡುವಾಗ ಅಕ್ಕ ಆಟೋ ನೋಡಲು ಗೇಟಿನ ಹೊರಗೆ ಹೋದಳು. ನಾನು ಮೆಟ್ಟಿಲ ಮೇಲೆ ಸಾರಮ್ಮನ ಕಾಲಿಗೆ ಚಪ್ಪಲಿ ಸರಿಸಿ ಕೊಡುತ್ತಿದ್ದೆ. ಅವಳು ಭುಜ ಹಿಡಿದು ಬಗ್ಗಿದಳು.

"ಸಿಸ್ಟರ್, ಅಕ್ಕ ರಸ್ತೆಗೆ ಹೋದ್ಲು ಅಲ್ವಾ?"

"ಹೌದು. ನಿಂಗೆ ಹೆಂಗೆ ಗೊತ್ತಾಯ್ತು?"

"ಚಪ್ಪಲಿ ಸದ್ದು. ಅವತ್ತೂ ಗೊತ್ತಿತ್ತು, ನೀವು ಅವಳನ್ನ ಬಾವಿ ಹತ್ರ ಕರ್ಕೊಂಡು ಹೋಗಿದ್ದು. ಅವರು ತಪ್ಪಾಯ್ತು ಅಂದಿದ್ರೆ ನಾನು ಪರವಾಗಿಲ್ಲ ಡಾಕ್ಟ್ರೇ ಅನ್ನಬೇಕಿತ್ತು." ಅವಳು ಒಂದು ಕಾಲಿನ ಚಪ್ಪಲಿಯನ್ನು ಬೆರಳಿನಿಂದ ಹುಡುಕಿ ಹಾಕಿಕೊಂಡಳು. "ಹಂಗೆ ಅನ್ನಕ್ಕೆ ನಂಗೆ ಮನಸ್ಸಿರ್ಲಿಲ್ಲ ಸಿಸ್ಟರ್. ಇವತ್ತಿಗೂ ಇಲ್ಲ."

ಆಟೋ ಬಂತು. ಅಕ್ಕ ಇಳಿದು ಬಂದು ಕೈಹಿಡಿದಳು. ಮುಂದಿನ ತಿಂಗಳಿನ ಡಬ್ಬಿ ನಾನು ತರುತ್ತೇನೆ ಎಂದೆ. ಹೂಂ, ತನ್ನಿ, ಶಕ್ತಿ ಮಾತ್ರೆ ಮುಗೀತಾ ಬಂತು, ಎಂದಳು ಸಾರಮ್ಮ, ಅಕ್ಕನಿಗೆ ಕೇಳುವ ಹಾಗೆ.